ಸೊಳ್ಳೆ ಓಡಿಸೋ ಗಿಡದ ತಟ್ಟೆಯಲ್ಲೇ ಸೊಳ್ಳೆ ಮರಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, ಪತ್ರಿಕೆಗಳ ಕೈತೋಟದ ಪುಟದಲ್ಲಿ 'ಈ ಗಿಡ ಬೆಳೆಸಿ, ಸೊಳ್ಳೆ ಓಡಿಸಿ' ಎಂಬ ಬರಹ ತಪ್ಪದೆ ಬರುತ್ತದೆ. ನಿಮ್ಮಲ್ಲೂ ಬಂದಿತ್ತು. ಅದರಲ್ಲಿದ್ದ ತುಳಸಿ, ಪುದೀನ, ಮಜ್ಜಿಗೆ ಹುಲ್ಲು, ಚೆಂಡು ಹೂವು ಎಲ್ಲವೂ ನಮ್ಮ ಮನೆ ಮುಂದಿವೆ. ಸೊಳ್ಳೆಗಳೂ ಇವೆ.

ಹೋದ ವರ್ಷ ಲಾರ್ವಾ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಸಂಪಿನ ಕಡೆ ನೋಡಲೇ ಇಲ್ಲ. ಸೀದಾ ಮಜ್ಜಿಗೆ ಹುಲ್ಲಿನ ಕುಂಡದ ಹತ್ತಿರ ಹೋಗಿ, ಅದನ್ನು ಸ್ವಲ್ಪ ಎತ್ತಿ, ಕೆಳಗಿನ ತಟ್ಟೆಗೆ ಮೊಬೈಲ್ ಟಾರ್ಚ್ ಬಿಟ್ಟರು. "ಬನ್ನಿ ಅಮ್ಮ, ನೀವು ಸಾಕಿರೋದನ್ನ ನೋಡಿ" ಅಂದರು. ಅರ್ಧ ಬೆರಳು ನೀರಿನಲ್ಲಿ ಸೊಳ್ಳೆ ಮರಿಗಳು ಪುಳಪುಳ ಕುಣಿಯುತ್ತಿದ್ದವು. ಸೊಳ್ಳೆ ಹತ್ತಿರ ಬರದಿರಲಿ ಅಂತಲೇ ತಂದಿಟ್ಟ ಗಿಡ ಅದು!

ಆಮೇಲೆ ನಾನು ಕೇಳಿ, ಓದಿ ತಿಳಿದುಕೊಂಡಿದ್ದು ಇಷ್ಟು. ಈ ಗಿಡಗಳ ಎಣ್ಣೆ ಎಲೆಯೊಳಗೆ ಇರುತ್ತದೆ. ಎಲೆ ಉಜ್ಜಿದರೆ, ಜಜ್ಜಿದರೆ, ಸುಟ್ಟರೆ ಅದು ಹೊರಗೆ ಬರುತ್ತದೆ. ಗಿಡ ಸುಮ್ನೆ ನಿಂತಿದ್ದರೆ ಸೊಳ್ಳೆಗೆ ಏನೂ ಆಗುವುದಿಲ್ಲ. ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಅನ್ನೋ ಹುಲ್ಲಿನೆಣ್ಣೆಯನ್ನು ಮೈಗೇ ಹಚ್ಚಿಕೊಂಡರೂ ಅದರ ಆಟ ಒಂದೆರಡು ಗಂಟೆ ಅಷ್ಟೇ. ಹಾಗಿದ್ದಾಗ ವರಾಂಡದ ಮೂಲೆಯ ಕುಂಡ ಇಡೀ ಮನೆ ಕಾಯುವುದು ಹೇಗೆ? ಇನ್ನು ಕೆಲವು ನರ್ಸರಿಗಳಲ್ಲಿ 'ಮೊಸ್ಕಿಟೊ ಪ್ಲಾಂಟ್' ಅಂತ ಜಾಸ್ತಿ ದುಡ್ಡಿಗೆ ಕೊಡುವುದು ನಿಂಬೆ ವಾಸನೆಯ ಒಂದು ಜೆರೇನಿಯಂ. ಸಿಟ್ರೊನೆಲ್ಲಾ ಎಣ್ಣೆ ಬರುವುದು ಅದರಿಂದಲ್ಲ, ಮಜ್ಜಿಗೆ ಹುಲ್ಲಿನ ಜಾತಿಯದೇ ಬೇರೊಂದು ಹುಲ್ಲಿನಿಂದ.

ನಮ್ಮಜ್ಜಿ ಕೊಟ್ಟಿಗೆಯಲ್ಲಿ ಸಂಜೆ ಹೊತ್ತು ಕೆಂಡದ ಮೇಲೆ ಲಕ್ಕಿ ಸೊಪ್ಪು, ಒಣಗಿದ ತುಂಬೆ, ಬೇವು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಬೇಲಿಯಲ್ಲಿ ಲಕ್ಕಿ ಗಿಡ ಇದೆಯಲ್ಲ ಅಂತ ಸುಮ್ಮನೆ ಕೂರುತ್ತಿರಲಿಲ್ಲ. ಹಾಗಂತ ಇವತ್ತು ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಅದೇ ಹೊಗೆ ಹಾಕಿದರೆ ಸೊಳ್ಳೆಗಿಂತ ಮೊದಲು ಮನೆಯವರೇ ಕೆಮ್ಮುತ್ತಾರೆ. ದಮ್ಮು ಇರುವವರಿಗಂತೂ ಬೇಡವೇ ಬೇಡ. ಅಲ್ಲದೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ.

ಈ ಈಡಿಸ್ ಚರಂಡಿ ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ಕುಂಡದ ತಟ್ಟೆ, ಮನಿ ಪ್ಲಾಂಟಿನ ಬಾಟಲಿ, ತೆಂಗಿನ ಚಿಪ್ಪು. ನೀರಿನ ಅಂಚಿಗಿಂತ ತುಸು ಮೇಲೆ, ತಟ್ಟೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ಬಿತ್ತೋ, ಮರಿ. ಅದಕ್ಕೇ ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ನಾರಿನಿಂದ ಗಸಗಸ ತಿಕ್ಕಬೇಕು. ಈ ಮಾತು ಆ ಆಶಾ ಕಾರ್ಯಕರ್ತೆ ಹೇಳಿದ್ದು. ಯಾವ ತೋಟದ ಪುಟದಲ್ಲೂ ನಾನು ಓದಿಲ್ಲ.

ಇದೇನು ಹೊಸ ಸುದ್ದಿಯೂ ಅಲ್ಲ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ನಮ್ಮ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದರು. ಮನೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಬೋರಲು ಹಾಕಿದರು, ಕಾಟ ತಗ್ಗಿತು. ಅಧಿಕಾರಿಗಳ ಮೆಸ್ಸಿನ ತೊಟ್ಟಿ, ಹೂದಾನಿಗಳಲ್ಲೂ ಮರಿಗಳಿವೆ, ಹೀಗೇ ಮಾಡಿ ಅಂದರೆ, ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಯನ್ನೂ ದೇವರು ಯಾವುದಕ್ಕೋ ಹುಟ್ಟಿಸಿರುತ್ತಾನೆ, ಸಹಿಸಿಕೊಳ್ಳಬೇಕು ಎನ್ನುವ ಧಾಟಿ ಆತನದು.

ಹಾಗಂತ ಗಿಡಗಳಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತರಕಾರಿ ಮಡಿಯ ಕಥೆ ಬೇರೆ. ಚೆಂಡು ಹೂವಿನ ಬೇರಿನಲ್ಲಿರುವ ಒಂದು ರಾಸಾಯನಿಕ, ಮಣ್ಣಿನೊಳಗೆ ಟೊಮೆಟೊ ಬೇರಿಗೆ ಗಂಟು ಬರಿಸುವ ಜಂತುಹುಳವನ್ನು ಕೊಲ್ಲುತ್ತದೆ. ಹೂವಿನದು ಇನ್ನೂ ಮಜಾ. ಅದು ಕೀಟ ಓಡಿಸುವುದಿಲ್ಲ, ಕರೆಯುತ್ತದೆ! ಟೊಮೆಟೊ ಕಾಯಿ ಕೊರೆಯುವ ಹುಳದ ಚಿಟ್ಟೆ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು ಹಾಕಿ ಅನ್ನುತ್ತಾರೆ. ಟೊಮೆಟೊ ಹೂ ಬಿಡುವಾಗಲೇ ಇದೂ ಅರಳಬೇಕು. ಹಾಗಾಗಿ 25 ದಿನದ ಟೊಮೆಟೊ ಸಸಿಯ ಜೊತೆ 45 ದಿನದ ಚೆಂಡು ಹೂವಿನ ಸಸಿ ನಾಟಿ ಮಾಡಬೇಕು. ಅಂದಕ್ಕೆ ಅಂತ ಮೂಲೆಯಲ್ಲಿ ಎರಡು ಗಿಡ ನೆಟ್ಟರೆ ಈ ಲೆಕ್ಕ ನಡೆಯುವುದಿಲ್ಲ.

ಬೇವೂ ಅಷ್ಟೇ. ಮರ ಇದ್ದರೆ ಸಾಲದು, ಬೀಜ ಕುಟ್ಟಬೇಕು. 50 ಗ್ರಾಂ ತಿರುಳಿನ ಪುಡಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸುತ್ತೇನೆ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಹುಳ ಆ ಕ್ಷಣ ಸಾಯುವುದಿಲ್ಲ, ತಿನ್ನುವುದು ಬಿಡುತ್ತದೆ. ಇದು ಗೊತ್ತಿಲ್ಲದೆ ಮೊದಲ ಸಲ ಮಾರನೇ ದಿನವೇ ಬೈದು ಬಿಸಾಕಿದ್ದೆ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಇಟ್ಟಿತು. ಆಶಾ ಕಾರ್ಯಕರ್ತೆ ನನ್ನನ್ನು ಬೈದು ಬಿಟ್ಟರು, ದಂಡ ಬೀಳಲಿಲ್ಲ.

ಮುಂದಿನ ಮಳೆಗಾಲದಲ್ಲೂ ನೀವು ಆ ಪಟ್ಟಿ ಹಾಕಿಯೇ ಹಾಕುತ್ತೀರಿ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕುಂಡದ ಫೋಟೊ ತೆಗೆಯುವಾಗ ಕೆಳಗಿನ ತಟ್ಟೆಯನ್ನೂ ಸೇರಿಸಿ, ಅದನ್ನು ತಿಕ್ಕುವುದು ಹೇಗೆ ಅಂತ ಎರಡು ಸಾಲು ಬರೆಯಿರಿ.

ಇಂತಿ,
ನಿಮ್ಮ ಓದುಗಿ,
ಕುವೆಂಪುನಗರ, ಮೈಸೂರು