ಕೈಟೊಸಾನ್ ಕಾಗದಕ್ಕೆ ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ

ಸಿಗಡಿ ಸಿಪ್ಪೆಯಿಂದ ತೆಗೆದ ಕೈಟೊಸಾನ್ ಎಂಬ ವಸ್ತುವನ್ನು ಬಳಿದು, ಆಹಾರ ಸುತ್ತಲು ಬ್ಯಾಕ್ಟೀರಿಯಾ ನಿರೋಧಕ ಕಾಗದ ಮಾಡುವ ಕೆಲಸದ ಮೊದಲ ಹಂತ ಮುಗಿದಿದೆ. ನೆರವಾದವರನ್ನು ನೆನೆಯದೆ ಮುಂದಕ್ಕೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಸೂಕ್ಷ್ಮಜೀವಿ ಪ್ರಯೋಗಾಲಯದವರ ಋಣ ಎಲ್ಲಕ್ಕಿಂತ ದೊಡ್ಡದು. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಜೆಲ್ಲಿಯ ಮೇಲೆ ಕಾಗದದ ಬಿಲ್ಲೆ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವಲಯ ಹುಡುಕುವ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಕೈಟೊಸಾನ್ ದೊಡ್ಡ ಅಣು. ಅದು ಅಗಾರ್‌ನೊಳಗೆ ಅಷ್ಟಾಗಿ ಹರಡುವುದಿಲ್ಲ, ತನಗೆ ತಾಗಿದ ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುತ್ತದೆ. ಅದಕ್ಕೇ ಅವರು ಕಾಗದದ ಚೂರುಗಳನ್ನು ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ಅಲುಗಾಡಿಸಿ, ಬದುಕುಳಿದ ಬ್ಯಾಕ್ಟೀರಿಯಾ ಬೆಳೆದು ಕಟ್ಟಿದ ಚುಕ್ಕೆಗಳನ್ನು (ಕಾಲೊನಿ) ಎಣಿಸಿಕೊಟ್ಟರು. ಕೈಟೊಸಾನ್ ಕರಗಿಸಲು ಬಳಸುವ ಅಸಿಟಿಕ್ ಆಮ್ಲವನ್ನಷ್ಟೇ ಬಳಿದ ಕಾಗದವನ್ನೂ ಜೊತೆಗಿಟ್ಟೇ ಪರೀಕ್ಷಿಸಬೇಕು ಎಂದು ಪಟ್ಟುಹಿಡಿದವರೂ ಅವರೇ. ಆಮ್ಲವೂ ಬ್ಯಾಕ್ಟೀರಿಯಾ ಕೊಲ್ಲುತ್ತದಲ್ಲ, ಆ ಹೋಲಿಕೆ ಇಲ್ಲದ ಫಲಿತಾಂಶಕ್ಕೆ ಬೆಲೆಯೇ ಇಲ್ಲ.

ಕಾಗದಕ್ಕೆ ಲೇಪ ಬಳಿಯುವ ಕೆಲಸಗಾರರಿಗೂ ಕೃತಜ್ಞತೆ. 1 ಲೀಟರ್ ನೀರಿಗೆ 10 ಮಿ.ಲೀ. ಅಸಿಟಿಕ್ ಆಮ್ಲ, ಆಮೇಲೆ ಸ್ವಲ್ಪಸ್ವಲ್ಪವಾಗಿ 20 ಗ್ರಾಂ ಕೈಟೊಸಾನ್. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ರಾತ್ರಿಯಿಡೀ ಕಲಕಿ, ಬಟ್ಟೆಯಲ್ಲಿ ಸೋಸಿ, 5 ಗ್ರಾಂ ಗ್ಲಿಸರಿನ್ ಸೇರಿಸಬೇಕು. ಗ್ಲಿಸರಿನ್ ಇಲ್ಲದ ಲೇಪ ಮಡಚಿದಲ್ಲಿ ಬಿರುಕು ಬಿಡುತ್ತದೆ. ಗುಳ್ಳೆ ಇಳಿಯುವವರೆಗೆ ದ್ರಾವಣವನ್ನು ಹಾಗೇ ಬಿಡಬೇಕು, ಇಲ್ಲದಿದ್ದರೆ ಪ್ರತಿ ಗುಳ್ಳೆಯೂ ಒಂದು ಸೂಜಿರಂಧ್ರ. ಮೊದಲ ಲೇಪವನ್ನು ನಾರುಗಳೇ ಹೀರಿಕೊಳ್ಳುತ್ತವೆ, ಎರಡನೆಯದು ಮೇಲೆ ನಿಲ್ಲುತ್ತದೆ ಎಂದು ತೋರಿಸಿಕೊಟ್ಟವರು ಅವರು. ಒಂದೇ ಬದಿ ಬಳಿದ ಹಾಳೆ ಒಣಗುವಾಗ ಸುರುಳಿಯಾಗುತ್ತದೆ. ನಾಲ್ಕೂ ಅಂಚುಗಳಿಗೆ ಕ್ಲಿಪ್ ಹಾಕಿ ಒಣಗಿಸುವ ಉಪಾಯವೂ ಅವರದೇ.

ಮಲ್ಪೆಯಲ್ಲಿ ಸಿಗಡಿ ಸುಲಿದು, ಸಿಪ್ಪೆಯನ್ನು ಮೀನಿನ ಕಸದೊಡನೆ ಬೆರೆಸದೆ ಮಂಜುಗಡ್ಡೆಯಲ್ಲಿ ಇಟ್ಟುಕೊಟ್ಟ ಅಕ್ಕಂದಿರಿಗೆ ಹೇಗೆ ಧನ್ಯವಾದ ಹೇಳುವುದೋ ತಿಳಿಯದು. ಆಮ್ಲದಿಂದ ಸುಣ್ಣ, ಕಾಸ್ಟಿಕ್ ಸೋಡಾದಿಂದ ಪ್ರೋಟೀನ್ ತೆಗೆದು, ಬಳಿಕ ಗಾಢ ಬಿಸಿ ಕಾಸ್ಟಿಕ್‌ನಲ್ಲಿ ಬೇಯಿಸಿ ಕೈಟೊಸಾನ್ ಮಾಡುವುದೆಲ್ಲ ಆಮೇಲಿನ ಮಾತು. ಸಿಪ್ಪೆ ಶುದ್ಧವಾಗಿ ಸಿಕ್ಕಿದ್ದರಿಂದಲೇ ಮುಂದಿನದೆಲ್ಲ ಸಲೀಸಾಯಿತು.

ಸಿಗಡಿ ಅಲರ್ಜಿ ಇರುವವರ ಗತಿಯೇನು ಎಂದು ಮೊದಲು ಕೇಳಿದ ಓದುಗರಿಗೆ ವಿಶೇಷ ವಂದನೆ. ಪ್ರೋಟೀನ್ ಪೂರ್ತಿ ಹೋಗಿದೆಯೇ ಎಂಬ ಪರೀಕ್ಷೆ ಈಗ ಪ್ರತಿ ತಯಾರಿಯಲ್ಲೂ ನಡೆಯುತ್ತಿದೆ. ಸಿಗಡಿ ಮೂಲದ್ದೆಂಬ ಸೂಚನೆ ಕಾಗದದ ಮೇಲೆಯೇ ಕನ್ನಡದಲ್ಲಿ ಇರುತ್ತದೆ.