ಗೆಳೆಯನಿಗೊಂದು ಪತ್ರ: ಮಕ್ಕಳ ಕೈಗೆ ಟೇಪು ಕೊಡುವ ಮೊದಲು

ಪ್ರೀತಿಯ ಗೆಳೆಯಾ,

ಶಾಲೆಯ ಮಕ್ಕಳನ್ನು ಪಂಚಾಯ್ತಿಯ ಯೋಜನೆ ತಯಾರಿಗೆ ಸೇರಿಸಿಕೊಳ್ಳಬೇಕು ಅಂದೆಯಲ್ಲ, ಆ ಮಾತು ತಲೆಯಿಂದ ಇಳಿಯುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ‘ಆಯ್ತು ಮಾರಾಯ’ ಅಂದುಬಿಡುತ್ತೀಯ, ಅದಕ್ಕೇ ಈ ಪತ್ರ. ಕುಮಟಾ, ಹೊನ್ನಾವರದ ಕಡೆ ಇದೇ ಕೆಲಸಕ್ಕೆ ಕೈಹಾಕಿದ ಬೇರೆ ಮೇಷ್ಟ್ರುಗಳೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಮೊದಲ ಮಾತು: ಒಂದೇ ಒಂದು ಪ್ರಶ್ನೆ ಆರಿಸಿಕೊ. ಮಕ್ಕಳು ತಾವೇ ಅಳೆಯಬಹುದಾದ, ಪಂಚಾಯ್ತಿಗೂ ಉತ್ತರ ಬೇಕಾಗಿರುವ ಪ್ರಶ್ನೆ. ನಿನ್ನ ಶಾಲೆ ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. 4,801 ಹೆಕ್ಟೇರಿನ ಆ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಹಕ್ಕಿ, ಚಿಪ್ಪಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎಣಿಸುವುದಕ್ಕೆ ಹೊರಗಿನಿಂದ ಜನ ಬರುತ್ತಾರೆ. ಗಜನಿಯ (ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆಬಯಲು) ಅಂಚಿನ ಮನೆಯ ಬಾವಿ ಯಾವ ವಾರ ಉಪ್ಪಾಗುತ್ತದೆ ಅಂತ ಬರೆದಿಡುವವರು ಯಾರಿದ್ದಾರೆ? 3000 ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಊರು ಮೇ ತಿಂಗಳಲ್ಲಿ ಕೊಡ ಹಿಡಿದು ನಿಲ್ಲುವುದು ಯಾಕೆ? ನಾನಾದರೆ ಇದನ್ನೇ ಹಿಡಿಯುತ್ತಿದ್ದೆ.

ಇಪ್ಪತ್ತು ಬಾವಿ ಸಾಕು. ಒಂದೊಂದಕ್ಕೆ ಅಕ್ಕಪಕ್ಕದ ಮನೆಯ ಇಬ್ಬರು ಮಕ್ಕಳು. ಕಟ್ಟೆ ಇಲ್ಲದ ಬಾವಿಯ ಹತ್ತಿರ ಮಕ್ಕಳನ್ನು ಬಿಡಲೇಬೇಡ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಫೈಬರ್ ಟೇಪು ತಗೋ. ತುದಿಗೆ ಪುಟ್ಟ ಸ್ಟೀಲ್ ಲೋಟವನ್ನು ಬಾಯಿ ಕೆಳಗಾಗಿ ಕಟ್ಟಿದರೆ ನೀರು ಮುಟ್ಟಿದ ಕೂಡಲೇ ‘ಬುಳಕ್’ ಅನ್ನುತ್ತದೆ, ಕತ್ತಲ ಬಾವಿಯಲ್ಲೂ ಅಂದಾಜು ತಪ್ಪುವುದಿಲ್ಲ. ಲೋಟದ ಉದ್ದವನ್ನು ಅಳತೆಗೆ ಸೇರಿಸಬೇಕು, ಕಟ್ಟೆಯ ಎತ್ತರವನ್ನು ಕಳೆಯಬೇಕು. ಈ ಎರಡನ್ನೂ ಮೊದಲ ದಿನವೇ ಪುಸ್ತಕದ ಮೊದಲ ಪುಟದಲ್ಲಿ ಬರೆಸು. ಕಟ್ಟೆಯ ಮೇಲೆ ಆಯಿಲ್ ಪೇಂಟಿನ ಗುರುತು ಬೇಕು, ಪ್ರತಿ ವಾರ ಅಲ್ಲಿಂದಲೇ ಟೇಪು ಇಳಿಯಬೇಕು. ಭಾನುವಾರ ಬೆಳಿಗ್ಗೆ ಪಂಪು ಹಚ್ಚುವ ಮೊದಲು ಅಳೆಯಲಿ. ಪಂಪು ನಿಂತ ಕೂಡಲೇ ಅಳೆದರೆ ಸಿಗುವುದು ಬಾವಿಯ ಮಟ್ಟವಲ್ಲ, ಪಂಪು ಎಳೆದ ಮಟ್ಟ.

ಉಪ್ಪಿಗೆ ಟಿಡಿಎಸ್ ಮೀಟರ್ ಇದೆ, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುತ್ತದೆ. ಆದರೆ ಉಪ್ಪುನೀರು ಭಾರ, ಸಾಮಾನ್ಯವಾಗಿ ತಳದಲ್ಲೇ ಕೂರುತ್ತದೆ. ಕೊಡಪಾನದಲ್ಲಿ ಮೇಲಿನ ನೀರು ಎತ್ತಿ ಮೀಟರ್ ಅದ್ದಿದರೆ ‘ಸಿಹಿನೀರು’ ಅನ್ನುವ ಉತ್ತರ ಬರುತ್ತದೆ, ಅದೇ ಮನೆಯ ನಲ್ಲಿಯಲ್ಲಿ ಉಪ್ಪು ಬರುತ್ತಿರುತ್ತದೆ. ಹಾಗಾಗಿ ಎರಡು ಮಾದರಿ ಬೇಕು: ಮೇಲಿನ ನೀರಿನದೊಂದು, ಪಂಪು ಐದು ನಿಮಿಷ ಓಡಿದ ಮೇಲಿನದೊಂದು. ಆ ಹೊತ್ತಿಗೆ ಭರತವೋ ಇಳಿತವೋ ಅದನ್ನೂ ಬರೆಯಲಿ. ಭಾರತೀಯ ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಮೀಟರ್ 150 ತೋರಿಸಿದರೂ ನೀರು ಕೊಳಕಾಗಿರಬಹುದು, ಅದಕ್ಕೆ ರೋಗಾಣು ಕಾಣುವುದಿಲ್ಲ. ಅದನ್ನು ನೋಡಲು ಎಚ್‌ಟುಎಸ್ ಬಾಟಲಿ (ರೋಗಾಣು ಪರೀಕ್ಷೆಯ ಪುಡಿ ಹಾಕಿದ ಬಾಟಲಿ) ನೀರು ತುಂಬಿ ಇಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಕುದಿಸದೆ ಕುಡಿಯಬೇಡಿ ಅಂತ ಆ ಮನೆಗೆ ಅದೇ ಸಂಜೆ ಹೇಳಿ ಬರಬೇಕು. ವರದಿ ಮುಗಿಯಲಿ ಅಂತ ಕಾಯಬಾರದು.

ಈ ಲೆಕ್ಕವೆಲ್ಲ ಕೆಡುವುದು ವೇಳಾಪಟ್ಟಿಯಲ್ಲಿ. ಬಾವಿ ಉಪ್ಪಾಗುವುದು ಏಪ್ರಿಲ್–ಮೇನಲ್ಲಿ, ಆಗ ಶಾಲೆಗೆ ರಜೆ. ಜೂನಿನಲ್ಲಿ ಉತ್ಸಾಹದಿಂದ ಶುರುಮಾಡಿದವರಿಗೆ ಎಲ್ಲ ಬಾವಿಯೂ ತುಂಬಿ ಸಿಹಿಯಾಗಿಯೇ ಸಿಗುತ್ತದೆ. ಜನವರಿಯಲ್ಲಿ ಎಂಟನೇ ತರಗತಿಯವರಿಂದ ಶುರುಮಾಡಿಸು. ರಜೆಯಲ್ಲೂ ತಮ್ಮ ಕೇರಿಯ ಬಾವಿಯನ್ನು ಅವರೇ ಅಳೆಯಲಿ. ಜೂನಿನಿಂದ ಸೆಪ್ಟೆಂಬರ್ ತನಕ, ಒಂಬತ್ತನೆಯಲ್ಲಿ ಕೂತು, ಲೆಕ್ಕ ಹಾಕಲಿ. ಪಂಚಾಯ್ತಿಯ ಯೋಜನಾ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರು. ವಾರ್ಡ್ ಸಭೆಗೆ ಮಕ್ಕಳ ಕಾಗದ ತಲುಪಿದರೆ ಮಾತ್ರ ಅದು ಯೋಜನೆಯೊಳಗೆ ಹೋಗುತ್ತದೆ. ಮಕ್ಕಳ ಗ್ರಾಮಸಭೆ ಬಹಳ ಕಡೆ ನವೆಂಬರ್ 14ರ ಆಚೀಚೆ ನಡೆಯುತ್ತದೆ, ಅಷ್ಟೊತ್ತಿಗೆ ಪಟ್ಟಿ ಅರ್ಧ ತಯಾರಾಗಿರುತ್ತದೆ. ಹತ್ತನೆಯವರನ್ನು ಬಿಟ್ಟುಬಿಡು, ಅವರ ತಲೆಯ ಮೇಲೆ ಪರೀಕ್ಷೆ ಕೂತಿದೆ.

ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳುವುದು ಹೆಚ್ಚಾಗಿ ಬಸ್ಸು, ಆಟದ ಮೈದಾನ, ಮಳೆನೀರಿನ ಟ್ಯಾಂಕು. ಬಸ್ಸು ವಾಯವ್ಯ ಸಾರಿಗೆಯವರದ್ದು, ಪಂಚಾಯ್ತಿ ಅಲ್ಲಿಗೆ ಪತ್ರ ಬರೆಯಬಹುದು, ಅಷ್ಟೆ. ಟ್ಯಾಂಕಿನ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 200 ಚದರ ಮೀಟರಿನ ಮಾಡಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೈಗೆ ಸಿಗುತ್ತದೆ ಅಂದುಕೊಂಡರೆ 10,000 ಲೀಟರಿನ ಟ್ಯಾಂಕು ತುಂಬಲು 63 ಮಿಲಿಮೀಟರ್ ಸಾಕು. ಆಷಾಢದ ಒಂದು ದಿನದ ಮಳೆ. ನೂರು ಮಕ್ಕಳು ದಿನಕ್ಕೆ ತಲಾ ಎರಡು ಲೀಟರ್ ಕುಡಿದರೆ 50 ದಿನಕ್ಕೆ ಖಾಲಿ. ಹಾಗಾಗಿ ಅಕ್ಟೋಬರಿನ ಕೊನೆಯ ಮಳೆಯಲ್ಲಿ ತುಂಬಿ, ಮುಚ್ಚಿ, ಫೆಬ್ರುವರಿಯಲ್ಲಿ ತೆರೆಯಬೇಕು. ಇಷ್ಟು ಬರೆದು, ಜೊತೆಗೆ ಜಾಗದ ಸರ್ವೆ ನಂಬರು (ದಿಶಾಂಕ್ ಆ್ಯಪಿನಲ್ಲಿ ಸಿಗುತ್ತದೆ), ಎಷ್ಟು ಮಂದಿಗೆ ಉಪಯೋಗ, ವರ್ಷಕ್ಕೊಮ್ಮೆ ತೊಳೆಯುವವರು ಯಾರು ಅಂತ ಸೇರಿಸಿದರೆ ಅದು ಪ್ರಸ್ತಾವ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಯಾವ ಬಾಬ್ತಿನ ದುಡ್ಡು ಅಂತ ಮಕ್ಕಳಿಗೆ ಗೊತ್ತಿದ್ದರೆ ‘ದುಡ್ಡಿಲ್ಲ’ ಅನ್ನುವ ಉತ್ತರಕ್ಕೆ ಮುಂದಿನ ಪ್ರಶ್ನೆ ಕೇಳುತ್ತಾರೆ.

ಟೇಪು ಕೊಳ್ಳುವ ಮೊದಲೇ ಪಿಡಿಒ ಹತ್ತಿರ ಒಂದು ಒಪ್ಪಂದ ಮಾಡಿಕೊ: ಮಕ್ಕಳ ಪ್ರತಿ ಪ್ರಸ್ತಾವಕ್ಕೂ ಲಿಖಿತ ಉತ್ತರ ಬರಬೇಕು. ಒಪ್ಪಿದೆ, ಒಪ್ಪಿಲ್ಲ ಮತ್ತು ಅದಕ್ಕೆ ಕಾರಣ, ಇಲ್ಲವೇ ಬೇರೆ ಇಲಾಖೆಗೆ ಕಳಿಸಿದೆ. ಇಷ್ಟೇ ಮೂರು ಕಾಲಮ್ಮು. ಒಪ್ಪದಿದ್ದರೆ ಕೆಲಸ ಶುರುಮಾಡಲೇಬೇಡ. ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿ ಬರೆದರಲ್ಲ, ಅದರ ಕೆಳಗಿನ ಮೂರು ಮೆಟ್ಟಿಲನ್ನು ಭಾಗವಹಿಸುವಿಕೆ ಅಂತ ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವೇದಿಕೆ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆದು ಕಳಿಸುವುದು ಅಲ್ಲಿಗೇ ಸೇರುತ್ತದೆ. ಉತ್ತರ ಬಾರದ ಅರ್ಜಿ ಹದಿನಾಲ್ಕು ವರ್ಷದ ಮಗುವಿಗೆ ಕಲಿಸುವ ಪಾಠವನ್ನು ಆಮೇಲೆ ಯಾವ ಮೇಷ್ಟ್ರೂ ಅಳಿಸಲಾರರು.

ಇನ್ನು ನಕ್ಷೆ. ಬರೆಯಲೋ ಬೇಡವೋ ಅಂದುಕೊಂಡೇ ಬರೆಯುತ್ತಿದ್ದೇನೆ. ಮಕ್ಕಳು ಬರೆಯುವ ನಕ್ಷೆ ನಿಜ ಹೇಳುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಚ್ಚಿನ ಪಾಲು ಅರಣ್ಯ. ಎಷ್ಟೋ ಮನೆ, ತೋಟ ಅದರೊಳಗಿವೆ. ಹಕ್ಕು ಸಿಗಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿ ಇದ್ದಿರಬೇಕು ಅನ್ನುತ್ತದೆ ಅರಣ್ಯ ಹಕ್ಕು ಕಾಯ್ದೆ, ಬುಡಕಟ್ಟಿನವರಲ್ಲದವರಿಂದ 75 ವರ್ಷದ ವಾಸಕ್ಕೆ ಪುರಾವೆ ಕೇಳುತ್ತದೆ. ತನ್ನ ಮನೆಯ ತೋಟವನ್ನು ಹುಡುಗಿಯೊಬ್ಬಳು ಇದ್ದಲ್ಲೇ ಬಣ್ಣ ಹಚ್ಚಿ ತೋರಿಸಿದರೆ, ಆ ಹಾಳೆ ಗ್ರಾಮಸಭೆಯ ಗೋಡೆಗೆ ಬಂದರೆ, ಎದುರಿಗೆ ಅರಣ್ಯ ಇಲಾಖೆಯವರೂ ಕೂತಿರುತ್ತಾರೆ. ಹಾಗಾಗಿ ಗೋಡೆಯ ನಕ್ಷೆಯಲ್ಲಿ ಮನೆಯ ಹೆಸರು ಬೇಡ, ಬಾವಿಗೆ ನಂಬರು ಮಾತ್ರ ಇರಲಿ. ಸರ್ವೆ ನಂಬರು ಸಾರ್ವಜನಿಕ ಜಾಗಕ್ಕಷ್ಟೇ. ಮೊದಲು ಆಯಾ ಮನೆಯವರು ನೋಡಿ ಒಪ್ಪಲಿ. ಹೆಸರಿನ ಪಟ್ಟಿ ನಿನ್ನ ಕಪಾಟಿನಲ್ಲೇ ಇರಲಿ.

ಇಷ್ಟು ಎಚ್ಚರ ವಹಿಸಿದರೂ ಮನಸ್ಸು ಒಪ್ಪುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಅಂತ ಕಲಿಸಿ, ಮರುದಿನ ಇದನ್ನು ಮುಚ್ಚಿಡಿ ಅನ್ನಬೇಕು. ಅದಕ್ಕಿಂತ ಹೆಚ್ಚು ಕಾಡುವುದು ಇದು: ಮಕ್ಕಳನ್ನು ಯಾರೂ ಬೈಯುವುದಿಲ್ಲ ಅಂತ, ದೊಡ್ಡವರು ಕೇಳಲು ಹೆದರುವ ಪ್ರಶ್ನೆಯನ್ನು ಅವರ ಬಾಯಿಂದ ಕೇಳಿಸುತ್ತಿದ್ದೇವೆಯೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ನನಗೇ ಸಾಲದ ಪ್ರಶ್ನೆಗಳು ಇವೆ, ನಿನಗೂ ಇವೆ, ಗೊತ್ತು. ಅವು ಮಕ್ಕಳ ಪ್ರಸ್ತಾವದೊಳಗೆ ನುಸುಳದ ಹಾಗೆ ನಾವಿಬ್ಬರೂ ನೋಡಿಕೊಳ್ಳಬೇಕು. ಅವರ ಪ್ರಶ್ನೆ ಅವರದ್ದೇ ಆಗಿರಲಿ.

ಇಷ್ಟುದ್ದ ಬರೆಯುವ ಲೆಕ್ಕ ಇರಲಿಲ್ಲ, ಬಿಡು. ಟೇಪು 15 ಮೀಟರಿನದು ನಿಮ್ಮ ಕಡೆಯ ಬಾವಿಗೆ ಸಾಕು, ಮೀಟರಿಗೆ ಒಂದು ಜೊತೆ ಹೆಚ್ಚು ಸೆಲ್ ಇರಲಿ. ಘಟ್ಟ ಹತ್ತುವಾಗ ಎರಡು ಸೇರು ಕಗ್ಗದಕ್ಕಿ ತಾ. ಅಪ್ಪೆಮಿಡಿ ಭರಣಿ ನಿನ್ನ ಹೆಸರಲ್ಲೇ ಇದೆ.

ಇಂತಿ,
ಶಿರಸಿಯಿಂದ ನಿನ್ನ ಗೆಳೆಯ