ಐರ್ಲೆಂಡಿನ ಕಿಲ್ಲಿಬೆಗ್ಸ್ ದಕ್ಕೆಯಿಂದ, ಗಂಗೊಳ್ಳಿಯ ಗೆಳೆಯನಿಗೆ

ಫೆಬ್ರವರಿ 2025

ಮಾರಾಯಾ,

ಆವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. 'ಚಳಿಗಾಲ ಪೂರ್ತಿ ತೂಫಾನು ಅಂತೀಯಲ್ಲ, ಹಾಗಾದ್ರೆ ಅಲ್ಲಿ ಬೋಟೆಲ್ಲ ಕಟ್ಟಿ ಹಾಕಿರ್ತಾರಾ?' ಅಂದಿದ್ದೆ. ಇಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಬೋಟು ಕಟ್ಟಿ, ಬಲೆ ರಿಪೇರಿ ಮಾಡಿಕೊಂಡು, ಒಣಮೀನಿನ ಚಟ್ನಿಯಲ್ಲಿ ಆಷಾಢ ಕಳೆಯುತ್ತೇವೆ ಅಲ್ವಾ, ಇಲ್ಲಿಯವರು ಕಡಲು ತೀರಾ ಕೆಟ್ಟಿರುವ ತಿಂಗಳಲ್ಲೇ ಹೊರಡುತ್ತಾರೆ. ಬಂಗುಡೆ ಸಿಗುವುದೇ ಆಗ.

ನಮ್ಮ ಬಂಗುಡೆಯೇ ಅಲ್ಲ, ಅದರ ದಾಯಾದಿ ಅನ್ನು. ಬೆನ್ನಿನ ಮೇಲೆ ಅಲೆ ಅಲೆಯಾಗಿ ಕಪ್ಪು ಗೆರೆ, ಮೈತುಂಬ ಕೊಬ್ಬು. ಚಳಿಗಾಲದಲ್ಲಿ ದೊಡ್ಡ ದೊಡ್ಡ ಹಿಂಡಾಗಿ ಶೆಟ್‌ಲ್ಯಾಂಡ್, ಸ್ಕಾಟ್ಲೆಂಡ್ ಕಡೆಯಿಂದ ಐರ್ಲೆಂಡಿನ ಪಶ್ಚಿಮಕ್ಕೆ, ಮೊಟ್ಟೆ ಇಡುವ ಜಾಗಕ್ಕೆ ಇಳಿಯುತ್ತದೆ. ಅರವತ್ತು ಎಪ್ಪತ್ತು ಮೀಟರ್ ಉದ್ದದ ಬೋಟುಗಳು ಅದರ ಹಿಂದೆ. ಬಲೆ ತುಂಬಿದ ಮೇಲೆ ಮೀನನ್ನು ಡೆಕ್ಕಿಗೆ ಎಳೆದು ಸುರಿಯುವುದಿಲ್ಲ. ದಪ್ಪ ಪೈಪು ಇಳಿಸಿ ನೀರಿನ ಸಮೇತ ಹೀರಿ, ಸೊನ್ನೆ ಡಿಗ್ರಿ ಹತ್ತಿರ ತಣ್ಣಗಿಟ್ಟ ಉಪ್ಪುನೀರಿನ ಟ್ಯಾಂಕಿಗೆ ಬಿಡುತ್ತಾರೆ. ಬುಟ್ಟಿ ಇಲ್ಲ, ಐಸ್ ಗುದ್ದುವುದಿಲ್ಲ. ಮೊದಲ ಸಲ ನೋಡಿದಾಗ ನೀನು ಪಕ್ಕದಲ್ಲಿರಬೇಕಿತ್ತು ಅನಿಸಿತು.

ನನ್ನ ಕೆಲಸ ಫ್ಯಾಕ್ಟರಿಯಲ್ಲಿ, ಬೆಲ್ಟಿನ ಮುಂದೆ. ಒಡೆದ ಮೀನು ಬದಿಗೆ ತೆಗೆಯುವುದು. ಎರಡು ಜೊತೆ ಗ್ಲೌಸ್ ಹಾಕಿದರೂ ಗಂಟೆ ಕಳೆಯುವಷ್ಟರಲ್ಲಿ ಬೆರಳು ಮರಗಟ್ಟಿ ಹೋಗುತ್ತವೆ. ಹೆಂಡತಿಗೆ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ, ಅವಳದ್ದು ರಾತ್ರಿ ಪಾಳಿಯೇ ಜಾಸ್ತಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬೆಳಕು ಹರಿದರೆ ಸಂಜೆ ನಾಲ್ಕೂಕಾಲಕ್ಕೆ ಕತ್ತಲೆ. ಹಿಮ ಬೀಳುವುದು ಅಪರೂಪ, ದಕ್ಷಿಣದಿಂದ ಬರುವ ಬಿಸಿ ಪ್ರವಾಹ ಈ ಕರಾವಳಿಯನ್ನು ಅಷ್ಟು ತಣ್ಣಗಾಗಲು ಬಿಡುವುದಿಲ್ಲ. ಚಳಿ ತಡೆಯಬಹುದು. ಕತ್ತಲೆಯೇ ಕಷ್ಟ. ಮಳೆ ಮೇಲಿನಿಂದ ಬರುವುದಿಲ್ಲ, ಬದಿಯಿಂದ ಬರುತ್ತದೆ, ಕೊಡೆ ಹಿಡಿದು ಪ್ರಯೋಜನ ಇಲ್ಲ. ಸಣ್ಣಗೆ ಜಿನುಗುವ ದಿನ ಮಾತ್ರ ಎದುರು ಸಿಕ್ಕವರೆಲ್ಲ 'ಸಾಫ್ಟ್ ಡೇ' ಎಂದು ಖುಷಿಯಿಂದ ಹೇಳಿ ಹೋಗುತ್ತಾರೆ.

ಜನವರಿ 24ರ ಇಯೋವಿನ್ ಬಿರುಗಾಳಿಯ ಸುದ್ದಿ ನೀನೂ ನೋಡಿರಬಹುದು. ಗಾಲ್ವೇ ಕಡೆಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 183 ಕಿಲೋಮೀಟರ್ ಮುಟ್ಟಿತು. 1945ರ ದಾಖಲೆ ಮುರಿಯಿತು. ದೇಶಕ್ಕೆಲ್ಲ ರೆಡ್ ವಾರ್ನಿಂಗ್, ಶಾಲೆ ಅಂಗಡಿ ಎಲ್ಲ ಬಂದ್. ಏಳೂವರೆ ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ನಮ್ಮ ಮನೆಗೆ ನಾಲ್ಕು ದಿನ ಇರಲಿಲ್ಲ. ಕರೆಂಟ್ ಹೋದರೆ ಇಲ್ಲಿ ಹೀಟರೂ ಇಲ್ಲ, ಒಲೆಯೂ ಇಲ್ಲ.

ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ಬಡಿದರು. ಅವರ ಮನೆಯಲ್ಲಿ ಹಳೇ ಕಬ್ಬಿಣದ ಒಲೆ ಇದೆ. ಉರಿಸುವುದು ಟರ್ಫ್. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆ ಥರ ಕೊಯ್ದು ಬೇಸಿಗೆಯಲ್ಲಿ ಒಣಗಿಸಿ ಇಟ್ಟಿರುತ್ತಾರೆ, ನಮ್ಮ ಬೆರಣಿಯ ಹಾಗೆ ನಿಧಾನಕ್ಕೆ ಉರಿಯುತ್ತದೆ. ಫ್ರಿಜ್ಜಿನಲ್ಲಿ ಹಾಳಾಗುತ್ತಿದ್ದ ಬಂಗುಡೆ ತಗೊಂಡು ಹೋದೆ. ಊರಿಂದ ತಂದ ಬ್ಯಾಡಗಿ ಮೆಣಸಿನ ಪುಡಿ, ಹುಣಸೆಹುಳಿ, ಉಪ್ಪು ಸವರಿ ಅವರ ಕಾವಲಿಯ ಮೇಲೆ ಇಟ್ಟರೆ, ಎಣ್ಣೆಯೇ ಹಾಕಿರಲಿಲ್ಲ, ಮೀನಿನ ಎಣ್ಣೆಯಲ್ಲೇ ಮೀನು ಹುರಿಯಿತು. ಅಜ್ಜಿ ಎರಡು ತಿಂದರು, ಮೂಗು ಒರೆಸಿಕೊಂಡು ಮೂರನೆಯದಕ್ಕೆ ಕೈ ಹಾಕಿದರು. ಇಷ್ಟು ಬಂಗುಡೆ ಹಿಡಿಯುವ ಊರಿನಲ್ಲಿ ಅದನ್ನು ತಿನ್ನುವವರೇ ಕಡಿಮೆ, ಜಾಸ್ತಿ ಪಾಲು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಹೋಗುತ್ತದೆ.

ಊಟ ಆದ ಮೇಲೆ ಅಜ್ಜಿ ನನ್ನನ್ನು ಕಿಟಕಿ ಹತ್ತಿರ ಕರೆದರು. ಊರಿಡೀ ಕಪ್ಪು. ಬಂದರಿನಲ್ಲಿ ಮಾತ್ರ ಬೋಟುಗಳು ತಮ್ಮ ಜನರೇಟರಿನಲ್ಲಿ ಝಗಮಗ ಉರಿಯುತ್ತಿದ್ದವು. ಗಂಡ ಕಡಲಿಗೆ ಹೋಗುತ್ತಿದ್ದಾಗ ಇದೇ ಕಿಟಕಿಯಲ್ಲಿ ನಿಂತು ದೀಪ ಎಣಿಸುತ್ತಿದ್ದರಂತೆ, ಲೆಕ್ಕ ಸರಿಯಾದ ಮೇಲೆಯೇ ನಿದ್ದೆ. ಗಂಡ ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಎಣಿಸುವುದು ಬಿಟ್ಟಿಲ್ಲ. ನನಗೆ ನಿನ್ನ ಅಮ್ಮ ನೆನಪಾದರು, ಅಳಿವೆ ಕಡೆ ನೋಡುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದದ್ದು. ಇಲ್ಲಿ ಅಳಿವೆಯ ಭಯ ಇಲ್ಲ, ಬಂದರು ಆಳ ಇದೆ, ಭರತ ಇಳಿತ ನೋಡದೆ ಯಾವಾಗ ಬೇಕಾದರೂ ಒಳಗೆ ಬರಬಹುದು. ಆದರೂ ಎಣಿಸುತ್ತಾರೆ.

ಗಾಳಿ ಇಳಿದ ಮೇಲೆ ಒಂದೊಂದೇ ಬೋಟು ಹೊರಟಿತು. ಈಗ ಸಂಜೆ ಐದರವರೆಗೂ ಬೆಳಕಿರುತ್ತದೆ. ಫೆಬ್ರವರಿ 1, ಸೇಂಟ್ ಬ್ರಿಜಿಡ್ ಹಬ್ಬ, ಇವರ ಲೆಕ್ಕದಲ್ಲಿ ವಸಂತದ ಮೊದಲ ದಿನ. ಅಜ್ಜಿ ಹುಲ್ಲಿನಲ್ಲಿ ಹೆಣೆದ ಶಿಲುಬೆಯೊಂದನ್ನು ನಮ್ಮ ಬಾಗಿಲಿಗೂ ಸಿಕ್ಕಿಸಿ ಹೋಗಿದ್ದಾರೆ.

ಮೆಣಸಿನ ಪುಡಿ ಮುಗಿಯುತ್ತಾ ಬಂತು. ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಕೊಟ್ಟು ಕಳಿಸು, ಅಜ್ಜಿಗೂ ಸ್ವಲ್ಪ ಬೇಕಂತೆ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು. ಈ ವರ್ಷ ನಿಮ್ಮಲ್ಲಿ ಬಂಗುಡೆ ಹೇಗಿದೆ, ಬರಿ.

ನಿನ್ನ
ಗೆಳೆಯ